ಜೀವಕೋಶದ ವಾಟಣಿ: ಎರಡು ವಾಡಿಗಳ ಆಧಾರದಿಂದ ಒಂದು ಸಂಶೋಧನಾ ಪ್ರಬಂಧ

ಕನ್ನಡಿಗರಿಗೆ ವಾಡಿ ಎಂದರೆ ಕಲಬುರಗಿ ಜಿಲ್ಲೆಯ ಜಂಕ್ಷನ್. ನಾಗಪುರದಲ್ಲಿ ಅಮರಾವತಿ ರಸ್ತೆಯ ಮೇಲೆ, ಗೋದಾಮುಗಳ ನಡುವೆ, ಲಾರಿಗಳ ಹಾರ್ನಿಗೆ ಕಿವಿಗೊಟ್ಟು ಕೂತ ಇನ್ನೊಂದು ವಾಡಿಯಿದೆ. ಎರಡರಲ್ಲಿ ಮೂಲ ಯಾವುದು, ನಕಲು ಯಾವುದು ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿಯೇ ಇಲ್ಲ. ಪ್ರಸ್ತುತ ಪ್ರಬಂಧಕರ್ತ ಹುಟ್ಟಿದ್ದು ಆ ವಾಡಿಯಲ್ಲಿ, ಬಾಡಿಗೆ ಕಟ್ಟುವುದು ಈ ವಾಡಿಯಲ್ಲಿ. ಆದ್ದರಿಂದ ನಕಲಿನ ವಿಷಯದಲ್ಲಿ ಅವನಿಗೆ ಅಧಿಕಾರವಿದೆ. ಇದಕ್ಕಿಂತ ಕಡಿಮೆ ಅಧಿಕಾರದಿಂದ ಪಿಎಚ್.ಡಿ. ಪಡೆದವರನ್ನು ಅವನು ಬಲ್ಲ.

ಸಂಶೋಧನೆಗೆ ನಿಮಿತ್ತವಾದದ್ದು ನಾಲ್ಕೆಕರೆ ಇಪ್ಪತ್ತು ಗುಂಟೆ ತೊಗರಿ ಹೊಲ, ಒಂದು ಬಾವಿ, ಮೂವರು ಅಣ್ಣತಮ್ಮಂದಿರು. ವಾಟಣಿಗೆ, ಅಂದರೆ ಆಸ್ತಿ ಪಾಲಿಗೆ, ಬೇಕೆಂದು ಹಳೇ ಕಾಗದದ ನಕಲು ತೆಗೆಸಿ ಊರಿಗೆ ಕಳಿಸಿದರೆ ತಮ್ಮನ ಫೋನು: "ಅಣ್ಣಾ, ಝೆರಾಕ್ಸ್ ಮುಟ್ಯಾದ. ಖರೇ ಸರ್ವೆ ನಂಬರಿನ ಕೊನೀ ಅಂಕಿನೇ ಇಲ್ಲ ನೋಡು." ನಕಲಿನ ನಕಲಿನ ನಕಲು, ಪ್ರತಿ ಸಲ ಅಂಚು ಒಂದು ಎಳೆ ಜಾರಿ ಈಗ ಅಂಕಿಗೇ ಸಂಚಕಾರ. ಜೀವಕೋಶಕ್ಕೂ ಇದೇ ರೋಗ. ಡಿಎನ್‌ಎ ಎಳೆಯ ತುದಿಯನ್ನು ಪೂರ್ತಿ ನಕಲಿಸಲು ಅದಕ್ಕೆ ಆಗುವುದಿಲ್ಲ, ಪ್ರತಿ ವಿಭಜನೆಗೂ ತುದಿ ತುಸು ಸವೆಯುತ್ತದೆ. ಆದರೆ ಅದು ನಮ್ಮ ಶಾನುಭೋಗರಿಗಿಂತ ಜಾಣ. ತುದಿಯಲ್ಲಿ ಟೆಲೊಮಿಯರ್ ಎಂಬ, ಅದೇ ಆರು ಅಕ್ಷರ ಮತ್ತೆ ಮತ್ತೆ ಬರುವ, ಕಳೆದರೂ ನಷ್ಟವಿಲ್ಲದ ಅಂಚು ಬಿಟ್ಟಿರುತ್ತದೆ. ಸರ್ವೆ ನಂಬರನ್ನು ಅಂಚಿಗೆ ಬರೆಯುವುದು ಮನುಷ್ಯರು ಮಾತ್ರ.

ಇನ್ನು ಲಿಪಿಕಾರನ ವಿಚಾರ. ಓಲೆಗರಿ ಪಂಡಿತರಿಗೆ ಪಾಠಾಂತರವೇ ಅನ್ನ. ಕೈತಪ್ಪಿಲ್ಲದಿದ್ದರೆ ಎಷ್ಟೋ ಸಂಪಾದಕರು ಉಪವಾಸ ಬೀಳುತ್ತಿದ್ದರು. ಕೋಶದ ಲಿಪಿಕಾರ ಪಾಲಿಮರೇಸ್. ಬರೆಯುವಾಗ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತಾನೆ, ಕೂಡಲೇ ಹಿಂದೆ ಸರಿದು ಅಳಿಸುತ್ತಾನೆ, ಉಳಿದದ್ದನ್ನು ಬೇರೆ ತಿದ್ದುಗಾರರು ಹಿಡಿಯುತ್ತಾರೆ. ಕೊನೆಗೆ ಉಳಿಯುವುದು ನೂರು ಕೋಟಿ ಅಕ್ಷರಕ್ಕೆ ಒಂದರ ಆಸುಪಾಸು. ಮನುಷ್ಯನ ವರ್ಣತಂತುಗಳ ಒಂದು ಸೆಟ್ಟಿನಲ್ಲಿ ಸುಮಾರು 320 ಕೋಟಿ ಅಕ್ಷರ. ಲಿಪಿಕಾರನ ವೇಗ ಸೆಕೆಂಡಿಗೆ ಐವತ್ತರ ಸುಮಾರು. ಒಬ್ಬನೇ ಒಂದು ತುದಿಯಿಂದ ಶುರುಮಾಡಿದರೆ ಎರಡು ವರ್ಷ. ಸಾವಿರಾರು ಕಡೆ ಒಟ್ಟಿಗೆ ಕೂರುವುದರಿಂದ ಎಂಟು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಮಧ್ಯಾಹ್ನದ ಊಟದ ವಿರಾಮವಿಲ್ಲದೆ.

ಕೂತಲ್ಲೆಲ್ಲ ಜೋಡಿ ಎಳೆ ಬಿಚ್ಚಿ ಕವಲಾಗುತ್ತದೆ. ಕವಲು ಎಂದರೇನೆಂದು ನಮ್ಮ ವಾಡಿಯವರಿಗೆ ಹೇಳಬೇಕಿಲ್ಲ: ಸೊಲ್ಲಾಪುರದಿಂದ ಬಂದ ಹಳಿ ಅಲ್ಲಿ ಒಡೆದು ಒಂದು ರಾಯಚೂರಿಗೆ, ಇನ್ನೊಂದು 1874ರಲ್ಲಿ ನಿಜಾಮರ ರೈಲು ಹಾಕಿದ ದಾರಿಯಲ್ಲಿ ಸಿಕಂದರಾಬಾದಿಗೆ. ಪಾಲಿಮರೇಸ್ ಒಂದೇ ದಿಕ್ಕಿಗೆ ಬರೆಯಬಲ್ಲ. ಹಾಗಾಗಿ ಒಂದು ಕವಲಿನಲ್ಲಿ ಎಕ್ಸ್‌ಪ್ರೆಸ್ಸಿನಂತೆ ನಿಲ್ಲದೆ ಓಡುತ್ತಾನೆ. ಇನ್ನೊಂದರಲ್ಲಿ ಷಂಟಿಂಗ್ ಎಂಜಿನ್ನು, ಮುಂದೆ ಹೋಗಿ ಹಿಂದಕ್ಕೆ ಬರೆದುಕೊಂಡು ಬರುವುದು, ತುಂಡು ತುಂಡಾಗಿ. ಈ ತುಂಡುಗಳನ್ನು 1968ರಲ್ಲಿ ತೋರಿಸಿಕೊಟ್ಟವರು ಜಪಾನಿನ ನಗೋಯಾದ ಒಕಾಜಾಕಿ ದಂಪತಿ. ಗಂಡಹೆಂಡತಿ ಕೂಡಿ ತುಂಡು ಜೋಡಿಸಿದ ಉದಾಹರಣೆ ಸಂಸಾರಶಾಸ್ತ್ರದಲ್ಲೂ ವಿರಳ.

ಮೂಲಪ್ರತಿ ಯಾರ ಹತ್ತಿರ ಇರಬೇಕು? ಪೂರ್ವಪಕ್ಷ: ಹಿರಿಯ ಮಗನ ಟ್ರಂಕಿನಲ್ಲಿ. ಸಿದ್ಧಾಂತ: ಇಬ್ಬರಲ್ಲೂ. ಡಿಎನ್‌ಎಯ ಎರಡು ಹೊಸ ಪ್ರತಿಗಳಲ್ಲೂ ಒಂದೊಂದು ಹಳೇ ಎಳೆ, ಒಂದೊಂದು ಹೊಸದು ಎಂದು ಮೆಸೆಲ್‌ಸನ್ ಮತ್ತು ಸ್ಟಾಲ್ 1958ರಲ್ಲಿ ಸಾಧಿಸಿದರು. ಹಿರಿಯ ಮಗನಾದ ಪ್ರಬಂಧಕರ್ತನಿಗೆ ಈ ಸಿದ್ಧಾಂತ ಅಷ್ಟಾಗಿ ಹಿಡಿಸಿಲ್ಲ.

ಪಾಲಿನ ದಿನ ಪ್ರತಿ ವರ್ಣತಂತುವೂ ತನ್ನ ನಕಲಿನೊಂದಿಗೆ ಕೊಹೆಸಿನ್ ಎಂಬ ಬಳೆಯಲ್ಲಿ ಸಿಕ್ಕಿರುತ್ತದೆ. ಕೋಶದ ಎರಡು ಧ್ರುವಗಳಿಂದ ಹಗ್ಗ ಬಂದು ಜೋಡಿಯ ಒಂದೊಂದು ಬದಿಯನ್ನು ಹಿಡಿಯಬೇಕು. 46 ಜೋಡಿಗಳಲ್ಲಿ ಒಂದೇ ಒಂದಕ್ಕೆ ಹಗ್ಗ ಬಿದ್ದಿಲ್ಲವೆಂದರೂ ಬಳೆ ಒಡೆಯುವ ಕಿಣ್ವಕ್ಕೆ ಅಪ್ಪಣೆಯಿಲ್ಲ, ಎಲ್ಲರೂ ಕಾಯುತ್ತಾರೆ. ನಮ್ಮಲ್ಲಿ ಒಬ್ಬ ತಮ್ಮ ಬಸ್ಸಿನಲ್ಲಿರುವಾಗಲೇ ಹಗ್ಗ ಹಿಡಿದು ಹೊಲ ಅಳೆಯುತ್ತಾರೆ. ಮುಖ್ಯ ವ್ಯತ್ಯಾಸ ಇಲ್ಲಿದೆ: ಕೋಶ ಮೊದಲು ಎಲ್ಲವನ್ನೂ ಇಮ್ಮಡಿ ಮಾಡಿ ಆಮೇಲೆ ಹಂಚುತ್ತದೆ. ಅದರ ಕೈಗೆ ನಮ್ಮ ಹೊಲ ಕೊಟ್ಟಿದ್ದರೆ ಮೊದಲು ಇನ್ನೊಂದು ಬಾವಿ ತೋಡಿ, ನಂತರ ಬದು ಹಾಕುತ್ತಿತ್ತು.

46 ಎಂದೆ. ವಿದ್ವಾಂಸರು ಬಹುಕಾಲ 48 ಎನ್ನುತ್ತಿದ್ದರು. 1923ರಲ್ಲಿ ಪೇಂಟರ್ ಹಾಗೆ ಎಣಿಸಿದ. 1956ರಲ್ಲಿ ಟ್ಜಿಯೊ ಮತ್ತು ಲೆವಾನ್ ಸರಿಯಾಗಿ ಎಣಿಸುವವರೆಗೆ ಪಠ್ಯಪುಸ್ತಕಗಳು ಒಂದರಿಂದೊಂದು ಶ್ರದ್ಧೆಯಿಂದ ನಕಲು ಮಾಡಿದವು. ಅಷ್ಟೂ ವರ್ಷ ಬರೆದವರ ಮೈಯೊಳಗಿನ ಕೋಶಗಳು ಮಾತ್ರ 46ನ್ನೇ ಹಂಚುತ್ತಿದ್ದವು.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧಕ್ಕೆ ಬೆಲೆಯಿಲ್ಲ. ಝೆರಾಕ್ಸ್ ಅಂಗಡಿ ಮುಂದಿನ ತಳ್ಳುಗಾಡಿಯಲ್ಲಿ ಸಂತ್ರಾ ಕೊಂಡೆ. ಇದೇ ಅಮರಾವತಿ ರಸ್ತೆಯಲ್ಲಿ ನಿಂಬೆ ಕಿತ್ತಳೆಗಳಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಿದೆ, 1985ರಿಂದ. ನಾಗಪುರದ ತೋಟಗಳಲ್ಲಿ ಸಂತ್ರಾದ ಕಣ್ಣನ್ನು ಜಂಬೇರಿ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಮರದಿಂದ ಮರಕ್ಕೆ ದಾಟುವುದು ಒಂದೇ ಕಣ್ಣಿನ ನಕಲು, ಕೋಶಕ್ಕೆ 18 ವರ್ಣತಂತುಗಳ ಲೆಕ್ಕ ತಪ್ಪದೆ. ಬೀಜದಲ್ಲಿ ಇನ್ನೂ ಸೋಜಿಗ. ಸಿಪ್ಪೆ ಸುಲಿದು, ಜಾರುವ ಬೀಜವನ್ನು ಉಗುರಿನಿಂದ ಸೀಳಿದರೆ ಒಳಗೆ ಪಿಸ್ತಾದಂಥ ಹಸಿರು, ಒಂದಲ್ಲ, ಒತ್ತಿಕೊಂಡು ಮಲಗಿದ ಹಲವು ಭ್ರೂಣಗಳು. ಹೆಚ್ಚಿನವು ಅಪ್ಪನ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಎದ್ದ ಪ್ರತಿಗಳು. ಗಾಡಿಯವನು ನೋಡಿ, "ಸಾಹೇಬ, ತಿನ್ನೋದು ಬಿಟ್ಟು ಬೀಜ ಯಾಕೆ ಕೊರೀತೀರಿ" ಎಂದು ಹಿಂದಿಯಲ್ಲಿ ಕೇಳಿದ. ಪ್ರಬಂಧ ಎಂದೆ. ಅವನು ಇನ್ನೊಂದು ಹಣ್ಣು ಕೊಟ್ಟು ಅದಕ್ಕೂ ದುಡ್ಡು ತೆಗೆದುಕೊಂಡ.

ಅದರ ಬೀಜವನ್ನು ಸೀಳದೆ ಪೇಂಟಿನ ಡಬ್ಬಿಯಲ್ಲಿ ಹಾಕಿದ್ದೆ. ಈಗ ಅದೊಂದರಿಂದಲೇ ಮೂರು ಮೊಳಕೆ ಬಂದಿವೆ. ಡಬ್ಬಿ ಒಂದೇ. ಊರಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.