ದಶಕಶ್ರೇಷ್ಠ ಚಿತ್ರನಿರ್ಣಯ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಪ್ಪಣೆ. ಅದರಂತೆ ಪ್ರಸ್ತುತ ಗ್ರಂಥದ ವಿಷಯ: ಎಪ್ಪತ್ತರ ದಶಕದ ಹತ್ತು ಅತ್ಯುತ್ತಮ ಕನ್ನಡ ಚಿತ್ರಗಳು. ಪ್ರಯೋಜನ: ಏನೂ ಇಲ್ಲ. ಸಂಬಂಧ: ಚರ್ಚೆ ಮುಗಿದ ಮೇಲೂ ಉಳಿದಿದ್ದರೆ ನೋಡೋಣ. ಜಟಿಲವಾದದ್ದು ಅಧಿಕಾರಿಯ ಪ್ರಶ್ನೆಯೊಂದೇ. ಸ್ಟೇಟ್ಸ್ ಚಿತ್ರಮಂದಿರದಲ್ಲಿ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತಲ್ಲ, ಆಗ ಕ್ಯೂನಲ್ಲಿ ನಿಂತು ಲಾಠಿ ರುಚಿ ನೋಡಿದವನು ಉತ್ತಮಾಧಿಕಾರಿ. ಊರಾಚೆಯ ಟೆಂಟಿನಲ್ಲಿ, ತೆರೆಯ ತುಂಬ ಮಳೆ ಸುರಿಯುವ ಸವೆದ ಪ್ರಿಂಟಿನಲ್ಲಿ ನೋಡಿದವನು ಮಧ್ಯಮ. ದೂರದರ್ಶನದಲ್ಲಿ, ನಾಯಕಿ ಕಣ್ಣೀರಿಡುವ ಹೊತ್ತಿಗೆ ಸರಿಯಾಗಿ ವಾರ್ತೆ ಬಂದು ಕೂತದ್ದನ್ನು ಸಹಿಸಿ ನೋಡಿದವನು ಅಧಮ. ಮೊಬೈಲಿನಲ್ಲಿ ಹಾಡುಗಳನ್ನು ಓಡಿಸಿಕೊಂಡು ನೋಡಿದವನಿಗೆ ಕೇಳಿಸಿಕೊಳ್ಳುವ ಹಕ್ಕು ಮಾತ್ರ. ಸಭೆಯಲ್ಲಿ ಅತಿ ಹೆಚ್ಚು ಮಾತಾಡುವವನು ಈ ನಾಲ್ಕನೆಯವನೇ ಎಂಬುದು ಕ್ಷೇತ್ರಕಾರ್ಯದಿಂದ ದೃಢಪಟ್ಟಿದೆ.

ಕ್ಷೇತ್ರವೆಂದರೆ ಗಾಂಧಿನಗರದ ಒಂದು ಹೋಟೆಲಿನ ಮೂಲೆ ಟೇಬಲ್. ಸಂಶೋಧನಾ ವೆಚ್ಚ: ಒನ್ ಬೈ ಟು ಕಾಫಿ, ಆಗಾಗ.

ಮೊದಲನೆಯ ತೊಡಕು ಕಾಲನಿರ್ಣಯದ್ದು. ದಶಕ ಆರಂಭವಾಗುವುದು 1970ಕ್ಕೋ 1971ಕ್ಕೋ? ಈ ಪ್ರಶ್ನೆ ಎತ್ತಿದವರು ಪಕ್ಕದ ಟೇಬಲ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಆಟೋ ಚಾಲಕರು.

“ಸಾರ್, ಸೊನ್ನೆ ಅಂತ ಒಂದು ವರ್ಷ ಇತ್ತಾ? ಇಲ್ಲ. ಒಂದರಿಂದ ಹತ್ತು ಎಣಿಸಿ. ದಶಕ ಎಪ್ಪತ್ತೊಂದಕ್ಕೆ ಶುರು, ಎಂಬತ್ತಕ್ಕೆ ಖತಂ.”

“ಏನಣ್ಣ, ಮೀಟರ್ ಸೊನ್ನೆಯಿಂದ ಶುರುವಾಗಲ್ವಾ?”

“ಅದೂ ಇಲ್ಲ ಸಾರ್. ಮಿನಿಮಮ್ಮಿಂದ.”

ಗಣಿತ ನಿರ್ದುಷ್ಟವಾಗಿತ್ತು. ಆದರೆ ಪರಿಣಾಮ ಭಯಂಕರ. ‘ಸಂಸ್ಕಾರ’ 1970ರದು. ಸೆನ್ಸಾರಿನವರು ಮೊದಲು ತಡೆದು ಆಮೇಲೆ ಬಿಟ್ಟ, ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿಕೊಂಡ, ಹೊಸ ಅಲೆಯವರು ಕೈಮುಗಿಯುವ ಆ ಚಿತ್ರ ಈ ಲೆಕ್ಕದಲ್ಲಿ ಅರವತ್ತರ ದಶಕಕ್ಕೆ ಜಾರಿ, ‘ಜೇಡರ ಬಲೆ’ಯ ಪಕ್ಕದಲ್ಲಿ ಕೂರಬೇಕಾಗುತ್ತದೆ. ಪ್ರಾಣೇಶಾಚಾರ್ಯರಿಗೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಕಾದಂಬರಿಯಲ್ಲೂ ಬಂದಿರಲಿಲ್ಲ. ಅತ್ತ ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ವೂ 1970ರದೇ ಆದ್ದರಿಂದ ಅಣ್ಣಾವ್ರ ಅಭಿಮಾನಿಗಳೂ ಎದ್ದು ನಿಂತರು. ಕಲಾತ್ಮಕ ಪಕ್ಷ, ಕಮರ್ಷಿಯಲ್ ಪಕ್ಷ ಎರಡೂ ಒಂದೇ ದನಿಯಲ್ಲಿ ಕೂಗಿದ ಉದಾಹರಣೆ ನಮ್ಮ ದಾಖಲೆಗಳಲ್ಲಿ ಇದೊಂದೇ. ಚಾಲಕರ ಆಟೋದ ಹಿಂಬದಿಯನ್ನು ಆಮೇಲೆ ಪರಿಶೀಲಿಸಲಾಗಿ ಶಂಕರ್‌ನಾಗ್ ಚಿತ್ರಪಟ ಕಂಡುಬಂತು. ‘ಮಿಂಚಿನ ಓಟ’, ‘ಆಟೋ ರಾಜ’ ಎರಡೂ 1980ರವು. ಶುದ್ಧ ಗಣಿತವೆಂಬುದು ಇಲ್ಲ ಎಂಬ ನಮ್ಮ ಮೊದಲ ಪ್ರಮೇಯ ಹೀಗೆ ಸಿದ್ಧವಾಯಿತು.

ಉಪಪ್ರಶ್ನೆಯೊಂದಿದೆ. 1971ರಲ್ಲಿ ಕಪ್ಪುಬಿಳುಪಾಗಿ ಹುಟ್ಟಿದ ‘ಕಸ್ತೂರಿ ನಿವಾಸ’ 2014ರಲ್ಲಿ ಮೈತುಂಬ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂತು. ಈ ಜನ್ಮದ ಪುಣ್ಯ ಯಾವ ದಶಕದ ಖಾತೆಗೆ? ಸಭೆಯಲ್ಲಿದ್ದ ಹಿರಿಯರೊಬ್ಬರು, “ಪಾರಿವಾಳ ಎರಡರಲ್ಲೂ ಸಾಯುತ್ತಲ್ಲಪ್ಪ” ಎಂದು ಕಣ್ಣೊರೆಸಿಕೊಂಡದ್ದರಿಂದ ಪ್ರಶ್ನೆಯನ್ನು ಕೈಬಿಡಲಾಯಿತು.

ಇನ್ನು ಪ್ರಮಾಣಗಳು. ಭಾಟ್ಟ ಮೀಮಾಂಸಕರು ಆರನ್ನು ಒಪ್ಪುತ್ತಾರೆ. ಪ್ರತ್ಯಕ್ಷದ ಸಂಗತಿ ಅಧಿಕಾರಿ ಪ್ರಕರಣದಲ್ಲಿ ಬಂತು. ಅನುಮಾನವಂತೂ ಎಲ್ಲರಿಗೂ ಎಲ್ಲರ ಮೇಲೂ ಇದೆ. ಉಪಮಾನಕ್ಕೆ ಕುರೊಸಾವಾ ಹೆಸರು ಹೇಳಿದರೆ ಸಾಕು. ‘ಒಂದಾನೊಂದು ಕಾಲದಲ್ಲಿ’ ಪಟ್ಟಿಗೆ ಬಂದಂತೆ. ಶಬ್ದಪ್ರಮಾಣವೆಂದರೆ “ಕಾದಂಬರಿಯಷ್ಟು ಚೆನ್ನಾಗಿಲ್ಲ” ಎನ್ನುವುದು. ತ್ರಿವೇಣಿ, ತರಾಸು, ಭಾರತೀಸುತ, ಟಿ.ಕೆ. ರಾಮರಾವ್, ಭೈರಪ್ಪ, ಆಲನಹಳ್ಳಿ ಹೀಗೆ ಆ ದಶಕದ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಗ್ರಂಥಾಲಯದಿಂದಲೇ ಎದ್ದು ಬಂದವಾದ್ದರಿಂದ ಈ ಒಂದು ವಾಕ್ಯ ಎಲ್ಲಕ್ಕೂ ಸಲ್ಲುತ್ತದೆ. ಪ್ರತಿವಾದ ಹುಟ್ಟುವುದಿಲ್ಲ, ಏಕೆಂದರೆ ಮಿಕ್ಕವರು ಯಾರೂ ಕಾದಂಬರಿ ಓದಿರುವುದಿಲ್ಲ.

ಶಾಸ್ತ್ರದ ನಿಜವಾದ ಸೊಗಸು ಇರುವುದು ಅರ್ಥಾಪತ್ತಿಯಲ್ಲಿ. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಎಂಬ ಹಳೆಯ ನಿದರ್ಶನ ಎಲ್ಲರಿಗೂ ಗೊತ್ತು. ನಮ್ಮ ದೇವದತ್ತನದು ಗಡ್ಡ, ಹೆಗಲಿಗೆ ಬಟ್ಟೆಯ ಚೀಲ. “ನಾನು ಕಮರ್ಷಿಯಲ್ ಸಿನಿಮಾ ನೋಡಿದವನೇ ಅಲ್ಲ” ಎಂಬುದು ಅವನ ಪ್ರತಿಜ್ಞೆ. ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ಪಲ್ಲವಿ’ ಇಷ್ಟೇ ಅವನ ಪಥ್ಯಾಹಾರ. ಆದರೆ ‘ಸಂಪತ್ತಿಗೆ ಸವಾಲ್’ನ ಎಮ್ಮೆ ಸವಾರಿಯ ಮಾತು ಬಂದಾಗ, ಎಮ್ಮೆ ಯಾವ ಸಾಲಿನಲ್ಲಿ ಎಡಕ್ಕೆ ತಿರುಗುತ್ತದೆಂದು ಬೇರೆಯವರನ್ನು ತಿದ್ದಿದವನು ಅವನೇ. ಎಂದಮೇಲೆ ಸೆಕೆಂಡ್ ಶೋಗೆ ಹೋಗಿರಲೇಬೇಕು. ಬಹುಶಃ ಮಫ್ಲರ್ ಸುತ್ತಿಕೊಂಡು.

ಇದೇ ಪ್ರಮಾಣವನ್ನು ತಿರುಗಿಸಿ ಪ್ರಯೋಗಿಸುವುದೂ ಉಂಟು. ಪಟ್ಟಿಯಲ್ಲಿ ‘ಚೋಮನ ದುಡಿ’ಯನ್ನು ಮೂರರೊಳಗೆ ಇಟ್ಟ ಪ್ರತಿಯೊಬ್ಬರನ್ನೂ “ಕೊನೆಯ ಸಲ ಯಾವಾಗ ನೋಡಿದ್ರಿ?” ಎಂದು ಕೇಳಿ ನೋಡಬೇಕು. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಗೊತ್ತು, ಕಾರಂತರು ನಿರ್ದೇಶಿಸಿದ್ದೂ ಗೊತ್ತು (ಯಾವ ಕಾರಂತರು ಎನ್ನುವಲ್ಲಿ ಇಬ್ಬರು ತಡವರಿಸಿದರು). ನೋಡಿದ್ದು ಮಾತ್ರ ನೆನಪಿಲ್ಲ. ಪಟ್ಟಿಗೆಂದು ಹೇಳುವ ಚಿತ್ರ ಬೇರೆ, ಜ್ವರ ಬಂದು ಮಲಗಿದಾಗ ಹಾಕಿಕೊಳ್ಳುವ ಚಿತ್ರ ಬೇರೆ. ಎರಡನೆಯ ಪಟ್ಟಿಯನ್ನು ಈವರೆಗೆ ಯಾರೂ ಪ್ರಕಟಿಸಿಲ್ಲ. ಅದರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಷ್ಟನೆಯದೆಂದು ತಿಳಿಯುವ ಕುತೂಹಲ ನನಗಿದೆ. ಅಂದಹಾಗೆ ‘ಘಟಶ್ರಾದ್ಧ’ವನ್ನು ಇನ್ನೊಮ್ಮೆ ನೋಡಲು ನನಗೇ ಎದೆಗಾರಿಕೆ ಸಾಲದು. ಚಿತ್ರ ಗೆದ್ದಿದೆ ಎನ್ನಲು ಅದೇ ಸಾಕ್ಷಿ.

ಆರನೆಯದು ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ ತಿಳಿಯುವುದು. ಪ್ರತಿ ಸಭೆಗೂ ಒಬ್ಬ ಬರುತ್ತಾನೆ. ಎಲ್ಲರೂ ಬಡಿದಾಡಿ ಸುಸ್ತಾದ ಮೇಲೆ, ಯಾರೂ ಕೇಳಿರದ ಚಿತ್ರವೊಂದರ ಹೆಸರು ಹೇಳಿ ಸುಮ್ಮನೆ ನಗುತ್ತಾನೆ. ಎಲ್ಲಿ ಸಿಗುತ್ತದೆ? ಸಿಗುವುದಿಲ್ಲ. ಪ್ರಿಂಟು? ಡಬ್ಬದಲ್ಲೇ ಅಂಟಿಹೋಗಿದೆ. ನೀವು ನೋಡಿದ್ದು? ಫಿಲ್ಮ್ ಸೊಸೈಟಿಯಲ್ಲಿ, ಒಂದೇ ಪ್ರದರ್ಶನ, ಅದೂ ಅರ್ಧಕ್ಕೆ ಕರೆಂಟು ಹೋಯಿತು. ಇಂಥವನನ್ನು ಖಂಡಿಸಲು ಶಂಕರಾಚಾರ್ಯರಿಂದಲೂ ಆಗದು.

ಪಕ್ಷಭೇದಗಳ ವಿಚಾರ ಅನಿವಾರ್ಯ. ಅಣ್ಣಾವ್ರ ಅಭಿಮಾನಿಗಳನ್ನು ಒಂದೇ ಸಂಪ್ರದಾಯವೆಂದು ತಿಳಿಯುವುದು ಹೊರಗಿನವರ ಅಜ್ಞಾನ. 1974ರಲ್ಲಿ ಆ ಎಮ್ಮೆಯ ಮೇಲೆ ಕೂತು ಅವರು ತಮ್ಮದೇ ಕಂಠದಲ್ಲಿ ಹಾಡಿ ಗೆದ್ದ ಮೇಲೆ, ಪಿ.ಬಿ. ಶ್ರೀನಿವಾಸ್ ಕಂಠದ ಕಾಲವೇ ಶ್ರೇಷ್ಠ ಎನ್ನುವವರು ಒಂದು ಕಡೆ, ಸ್ವಕಂಠವೇ ಪರಮಪದ ಎನ್ನುವವರು ಇನ್ನೊಂದು ಕಡೆ. ಮೇಲುಕೋಟೆಯ ವಡಗಲೈ–ತೆಂಗಲೈಗಳಂತೆ ನಾಮವೊಂದೇ, ಎಳೆಯುವ ಬಗೆ ಬೇರೆ. ವಿಷ್ಣು ಅಭಿಮಾನಿಗಳದು ‘ನಾಗರಹಾವು’ ಎಂಬ ಏಕಸೂತ್ರ. “ಬಂಗಾರದ ಮನುಷ್ಯನೂ ಅದೇ ವರ್ಷದ್ದು” ಎಂದು ನೆನಪಿಸಿದರೆ, 1972 ಎಂಬ ವರ್ಷವೇ ತಮ್ಮದೆನ್ನುತ್ತಾರೆ.

ಪುಟ್ಟಣ್ಣ ಕಣಗಾಲರದು ಬೇರೆಯದೇ ಸಮಸ್ಯೆ. ‘ಶರಪಂಜರ’, ‘ನಾಗರಹಾವು’, ‘ಎಡಕಲ್ಲು ಗುಡ್ಡದ ಮೇಲೆ’, ‘ಉಪಾಸನೆ’, ‘ಶುಭಮಂಗಳ’, ‘ಕಥಾಸಂಗಮ’. ಹೀಗೇ ಬಿಟ್ಟರೆ ದಶಕದ ಅರ್ಧ ಜಮೀನು ಒಬ್ಬರದೇ ಆಗುತ್ತದೆ. ಆಗ ಸಭೆಯಲ್ಲಿದ್ದ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರರು, ಅರಸು ಸರ್ಕಾರದ 1974ರ ಭೂಸುಧಾರಣೆಯ ಮಾದರಿಯಲ್ಲಿ ಮಿತಿ ವಿಧಿಸಬೇಕೆಂದು ಸೂಚಿಸಿದರು: ತಲೆಗೆ ಎರಡು ಚಿತ್ರ, ಹೆಚ್ಚುವರಿಯನ್ನು ಭೂಹೀನ ನಿರ್ದೇಶಕರಿಗೆ ಹಂಚುವುದು. ಕೂಡಲೇ “ಶರಪಂಜರ ನನ್ನ ಅನುಭೋಗದಲ್ಲಿದೆ” ಎಂದು ಒಬ್ಬ ಮಹಿಳೆ ತಕರಾರು ಅರ್ಜಿ ಹಾಕಿದರು. ಕಲ್ಪನಾ ಅವರ ಕಾವೇರಿಯ ಪಾತ್ರವನ್ನು ಕಸಿಯಬಂದವರ ಕೈ ಮುರಿಯುವುದಾಗಿಯೂ ಸೇರಿಸಿದರು. ಅರ್ಜಿ ಅಂಗೀಕೃತವಾಯಿತು.

ಕಡೆಗೆ ಮೊದಲ ಸ್ಥಾನ. ಎಲ್ಲರ ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿದಾಗ ವಿಚಿತ್ರವೊಂದು ಕಂಡಿತು: ಒಂದನೆಯದು ಒಬ್ಬೊಬ್ಬರದು ಒಂದೊಂದು, ಎರಡನೆಯದು ಮಾತ್ರ ಎಲ್ಲರಲ್ಲೂ ‘ಭೂತಯ್ಯನ ಮಗ ಅಯ್ಯು’. ಕಾರಣ ಸ್ಪಷ್ಟ. ಗೊರೂರರ ಕಥೆಯಾದ್ದರಿಂದ ಸಾಹಿತ್ಯದವರಿಗೆ ಅಡ್ಡಿಯಿಲ್ಲ. ಸಿದ್ದಲಿಂಗಯ್ಯನವರು ‘ಬಂಗಾರದ ಮನುಷ್ಯ’ದ ನಿರ್ದೇಶಕರೂ ಹೌದಾದ್ದರಿಂದ ಅಣ್ಣಾವ್ರ ಕಡೆಯವರಿಗೆ ಬೇಸರವಿಲ್ಲ. ವಿಷ್ಣುವರ್ಧನ್ ಇದ್ದಾರೆ. ಲೋಕೇಶ್ ಇರುವುದರಿಂದ ರಂಗಭೂಮಿಯವರೂ ತೆಪ್ಪಗಿದ್ದಾರೆ. ಇವೆಲ್ಲ ವಿಫಲವಾದರೂ ಲೋಕನಾಥ್ ಉಪ್ಪಿನಕಾಯಿ ನೆಕ್ಕುವ ದೃಶ್ಯವಿದೆ. ಅದರ ವಿರುದ್ಧ ಮಾತಾಡಿದ ಕನ್ನಡಿಗ ಇನ್ನೂ ಹುಟ್ಟಿಲ್ಲ. ನಾಲ್ಕು ಬಣಗಳು ಹಟ ಹಿಡಿದಾಗ ಐದನೆಯವನು ಮುಖ್ಯಮಂತ್ರಿಯಾಗುವುದು ನಮ್ಮ ರಾಜ್ಯಕ್ಕೆ ಹೊಸತೇನಲ್ಲ. ಅಯ್ಯು ಅವಿರೋಧವಾಗಿ ಆಯ್ಕೆಯಾದ. ಉಳಿದ ಎಂಟು ಸ್ಥಾನಗಳನ್ನು ಖಾತೆ ಹಂಚಿಕೆಯ ಕ್ರಮದಲ್ಲಿ ತುಂಬಲಾಯಿತು, ‘ವಂಶವೃಕ್ಷ’ಕ್ಕೆ ನಿರ್ದೇಶನ ಪ್ರಶಸ್ತಿಯನ್ನೇ ಇಬ್ಬರು ಹಂಚಿಕೊಂಡಿದ್ದರಿಂದ ಅದಕ್ಕೂ ‘ಹಂಸಗೀತೆ’ಗೂ ಸೇರಿಸಿ ಒನ್ ಬೈ ಟು. ಹತ್ತನೆಯದು ಖಾಲಿ ಇದೆ. ಸಂಪುಟ ವಿಸ್ತರಣೆಯ ಆಸೆಯೊಂದು ಇಲ್ಲದಿದ್ದರೆ ಯಾರೂ ಮತ್ತೆ ಟೇಬಲ್ಲಿಗೆ ಬರುವುದಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಶುಕ್ರವಾರ ಬೆಳಗಿನ ಆಟಕ್ಕೆ ಮುನ್ನ ಪಠಿಸುವವರಿಗೆ ಬಾಲ್ಕನಿಯಲ್ಲಿ ಕಂಬ ಅಡ್ಡಬಾರದ ಸೀಟು ದೊರೆಯುವುದು. ಶ್ರದ್ಧೆಯಿಂದ ಕೇಳುವವರಿಗೆ ಇಂಟರ್‌ವಲ್ಲಿನಲ್ಲಿ ಸರಿಯಾದ ಚಿಲ್ಲರೆ ಸಿಗುವುದು. ನಿಂದಿಸುವವರ ಮುಂದಿನ ಸಾಲಿನಲ್ಲಿ ಆರಡಿಯ ಮನುಷ್ಯ ಬಂದು ಕೂರುವನು. “‘ಗಂಧದ ಗುಡಿ’ ಎಲ್ಲಿ ಸ್ವಾಮಿ?” ಎಂದು ಕೇಳುವವರು ಮೂಲೆ ಟೇಬಲ್ಲಿಗೆ ಬರತಕ್ಕದ್ದು. ಕಾಫಿ ಅವರದು.