ಬೆಣ್ಣೆಯ ಅಸಹಕಾರ ಚಳವಳಿ

ಸತ್ಯಾಗ್ರಹ ನಮ್ಮೂರಿನವರಿಗೆ ಹೊಸದಲ್ಲ. ಚಿತ್ರದುರ್ಗ ತಾಲ್ಲೂಕಿನ ತುರುವನೂರು ಎಂದರೆ ಹಿರಿಯರಿಗೆ ಇವತ್ತಿಗೂ ನೆನಪಾಗುವುದು 1939ರ ಈಚಲುಮರ ಸತ್ಯಾಗ್ರಹ. ಹೆಂಡದ ಕಂದಾಯ ತರುವ ಮರಗಳನ್ನೇ ಕಡಿದು ಕೆಡವಿ ಮೈಸೂರು ಸರ್ಕಾರಕ್ಕೆ ಸಡ್ಡು ಹೊಡೆದ ಊರು ಅದು. ನಿಜಲಿಂಗಪ್ಪನವರಂಥವರು ಮುಂದೆ ನಿಂತ ಚಳವಳಿ. ಅದೇ ಊರಿನವನಾದ ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೌನ್ಸಿಲ್ ಟ್ಯಾಕ್ಸನ್ನು ಗಡುವಿಗೆ ಮುಂಚೆಯೇ ಕಟ್ಟಿ ರಸೀದಿ ಜೋಪಾನ ಮಾಡುವ ಪ್ರಾಣಿ. ಊರಿನ ಮಾನ ಉಳಿಸಿರುವುದು ನಮ್ಮ ಮನೆಯ ನಾಯಿ.

ಹೆಸರು ಬೆಣ್ಣೆ. ದಾವಣಗೆರೆ ದೋಸೆಯ ಮೇಲಿನ ಮೋಹಕ್ಕೆ ಮಗ ಇಟ್ಟದ್ದು. ತಿಳಿಹಳದಿ ಲ್ಯಾಬ್ರಡಾರ್, ಗಂಡು. ಐದು ತಿಂಗಳವರೆಗೆ ಹೇಳಿದ ಮಾತು ಮೀರುತ್ತಿರಲಿಲ್ಲ. ಎಂಟಕ್ಕೆ ಬಿದ್ದದ್ದೇ ಅಸಹಕಾರ ಶುರು. 'ಸಿಟ್' ಎಂದರೆ ಕಿಟಕಿಯಾಚೆ ನೋಡುತ್ತದೆ. 'ಕಮ್' ಎಂದರೆ ಥೇಮ್ಸ್ ದಂಡೆಯಲ್ಲಿ ಬಾತುಗಳ ಹಿಂದೆ ಹೋಗುತ್ತದೆ. ಮನೆಗೆ ಬಂದವರ ಎದೆಗೆ ಎರಡೂ ಮುಂಗಾಲು ಊರಿ ಕುಶಲ ವಿಚಾರಿಸುತ್ತದೆ. ಲಟ್ಟಣಿಗೆಯ ಒಂದು ಹಿಡಿಯನ್ನು ಬುಡಸಮೇತ ಅಗಿದು ಹಾಕಿತು. ಅಂದಿನಿಂದ ನಮ್ಮನೆ ಚಪಾತಿ ಒಂದು ಮಗ್ಗುಲಿಗೆ ದಪ್ಪ. ಮಗನಿಗೂ ಹದಿನಾಲ್ಕು. ಹೀಗಾಗಿ ಮನೆಯಲ್ಲಿ ಹರೆಯದವರು ಇಬ್ಬರು: ಒಬ್ಬ ಬಾಗಿಲು ಹಾಕಿಕೊಂಡು ಒಳಗಿರುತ್ತಾನೆ, ಇನ್ನೊಬ್ಬ ಅದೇ ಬಾಗಿಲನ್ನು ಹೊರಗಿನಿಂದ ಕೆರೆಯುತ್ತಾನೆ.

ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಒಬ್ಬ ಟ್ರೈನರ್ ಅಮ್ಮನನ್ನು ಕರೆಸಿದೆವು. ಆಕೆ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನಾಯಿ ಮೈಮೇಲೆ ಹಾರಿದರೆ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ. ಊಟವನ್ನು ಬಟ್ಟಲಿಗೆ ಸುರಿಯುವ ಬದಲು ಹುಲ್ಲಿನಲ್ಲಿ ಚೆಲ್ಲಿ, ಮೂಸಿ ಹುಡುಕಲಿ. ಮೂಗಿಗೆ ಕೆಲಸ ಸಿಕ್ಕರೆ ಹಲ್ಲು ಸುಮ್ಮನಿರುತ್ತದೆ. ನಿದ್ದೆಗೆಟ್ಟರೆ ಪುಂಡಾಟ ಜಾಸ್ತಿ, ಹಗಲಲ್ಲೂ ಮಲಗಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಕಿರುಚಬೇಡಿ, ನೀವು ಕಿರುಚಿದರೆ ಅದು ಆಟಕ್ಕೆ ಕರೆದಿರಿ ಅಂದುಕೊಳ್ಳುತ್ತದೆ. ಇಲ್ಲೇ ನಾವು ಸೋತದ್ದು. ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೇ ಕಿರುಚಿ. ಊರಿಗೆ ಫೋನ್ ಮಾಡಿದರಂತೂ ಫೋನಿನ ಅಗತ್ಯವೇ ಇರುವುದಿಲ್ಲ. ಬೆಣ್ಣೆಗೆ ದಿನವೂ ಜಾತ್ರೆ.

ಇನ್ನೊಂದು ಸಲಹೆ: ಬೆಲ್ಟು ಜಗ್ಗಿದರೆ ನೀವು ಮರದ ಹಾಗೆ ನಿಂತುಬಿಡಿ. ನಿಂತೆ. ತುರುವನೂರಿನವರ ಮುಂದೆ ಮರ ನಿಂತರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ. ಒಂದು ಅಳಿಲು ಅಡ್ಡ ಬಂದದ್ದೇ ನೆಪ, ನಾನು ಬುಡಸಹಿತ ಉರುಳಿದೆ.

ಇಷ್ಟರಲ್ಲಿ ಊರಿನಿಂದ ಅವ್ವ ಬಂದಳು, ಆರು ತಿಂಗಳ ವಿಸಿಟರ್ ವೀಸಾದ ಮೇಲೆ. ಬಾಗಿಲು ತೆಗೆದ ಕೂಡಲೇ ಬೆಣ್ಣೆ ಹಾರಲು ಸಜ್ಜಾಯಿತು. ಅವ್ವ ಸೆರಗು ಸಿಕ್ಕಿಸಿ, "ಏಯ್! ಕುಂತ್ಕಳಲೇ!" ಅಂದಳು. ಕುಂತಿತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಟ್ರೈನರ್ ಬಿಲ್ಲಿನ ಮುಖ ನೋಡಿದೆ.

ಅವ್ವನ ಪ್ರತಾಪ ತಿಂಗಳೊಪ್ಪತ್ತಿನಲ್ಲಿ ವಾಟ್ಸಾಪ್ ಮೂಲಕ ಇಡೀ ಹೋಬಳಿಗೆ ಮುಟ್ಟಿತು. ಬೆಣ್ಣೆ ಬಟ್ಟಲಿಗೆ ಬಾಯಿ ಹಾಕಿದಾಗಲೆಲ್ಲ, ಮೈಲಾರದಲ್ಲಿ ದೇವರ ಭಕ್ತರಾದ ಗೊರವಯ್ಯಗಳು ನಾಯಿಗಳ ಹಾಗೆ ಬೊಗಳುತ್ತ ದೋಣಿ ಎಂಬ ಪಾತ್ರೆಗೆ ಬಾಯಿಟ್ಟು ಹಾಲು ಬಾಳೆಹಣ್ಣು ತಿನ್ನುವುದನ್ನು ನೆನೆದು ಕೈ ಮುಗಿಯುತ್ತಿದ್ದಳು. ವಾಕಿಂಗಿನಲ್ಲಿ ನಾನು ಪ್ಲಾಸ್ಟಿಕ್ ಚೀಲಕ್ಕೆ ಕೈ ತೂರಿಸಿ ಬಗ್ಗಿದಾಗ ಮಾತ್ರ ಭಕ್ತಿ ಇಳಿಯಿತು. "ಸಗಣಿ ಎತ್ತಿದ್ರೆ ಕುಳ್ಳಾದ್ರೂ ತಟ್ಟಬೋದಿತ್ತು. ಇದುನ್ನ ಎತ್ತಿ ಏನ್ ಮಾಡ್ತೀಯಪ್ಪ?" ಉತ್ತರ ನನ್ನಲ್ಲಿರಲಿಲ್ಲ, ಚೀಲ ಇತ್ತು.

ಈರುಳ್ಳಿಯ ವಿಷಯದಲ್ಲಿ ಜಗಳವೇ ಆಯಿತು. ಈರುಳ್ಳಿ ಹಾಕಿದ ಸಾರಿನಲ್ಲಿ ಮುದ್ದೆ ಅದ್ದಿ ಕೊಡಲು ಹೊರಟವಳನ್ನು ತಡೆದೆ. ಹಸಿಯಾಗಲಿ ಬೇಯಿಸಿದ್ದಾಗಲಿ, ಈರುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ, ಬೆಳ್ಳುಳ್ಳಿಯೂ ಅಷ್ಟೇ ಎಂದೆ. ಎರೆಹೊಲದಲ್ಲಿ ಈರುಳ್ಳಿ ಬೆಳೆದು ಮಕ್ಕಳನ್ನು ಓದಿಸಿದವಳಿಗೆ ಇದು ಕುಲನಿಂದೆ. "ರೇಟು ಬಿದ್ದಾಗ ನಮ್ ರಕ್ತಾನೂ ಅಂಗೇ ಒಡೀತಿತ್ತು, ಯಾವ ಡಾಕ್ಟ್ರೂ ಹೇಳ್ಲಿಲ್ಲ" ಅಂದಳು.

ಹೊಟ್ಟೆಬಾಕತನಕ್ಕಂತೂ ವಿಜ್ಞಾನದ ರಕ್ಷಣೆಯಿದೆ. ಕೇಂಬ್ರಿಜ್‌ನವರು 2016ರಲ್ಲಿ ತೋರಿಸಿದಂತೆ, ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಲ್ಲಿ ಪಾತ್ರವಿರುವ ಒಂದು ಜೀನು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಕೆಟ್ಟಿರುತ್ತದೆ. ನಮ್ಮದು ಆ ಪೈಕಿ ಎಂಬುದಕ್ಕೆ ಸತ್ಯನಾರಾಯಣ ಪೂಜೆಯೇ ಸಾಕ್ಷಿ. ನೈವೇದ್ಯಕ್ಕೆ ಮುಂಚೆಯೇ ಸಪಾದದ ಪಾತ್ರೆ ಖಾಲಿ. ಅದರಲ್ಲಿದ್ದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಫೋನಿನಲ್ಲಿ ವೆಟ್ ಕೇಳಿದ್ದು ಒಂದೇ: ದ್ರಾಕ್ಷಿ ಎಷ್ಟಿತ್ತು? "ಕೈತುಂಬ ಹಾಕಿವ್ನಿ, ನಾನೇನು ಜುಗ್ಗಿನಾ?" ಎಂದು ಅವ್ವ. "ಅಲ್ಲೊಂದು ಇಲ್ಲೊಂದು ಇತ್ತು ಅಷ್ಟೇ ಅತ್ತೆ, ನಾನೇ ನೋಡಿದೀನಿ" ಎಂದು ನನ್ನ ಹೆಂಡತಿ. ಅತ್ತೆ ಸೊಸೆಯರ ಹಳೆಯ ಲೆಕ್ಕವೆಲ್ಲ ಆ ದ್ರಾಕ್ಷಿಯಲ್ಲಿ ಹೊರಬಿತ್ತು. ವೆಟ್ ಎರಡೂ ಪಕ್ಷವನ್ನು ಬದಿಗಿಟ್ಟು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ತಟ್ಟೆಯಲ್ಲಿ ಬಿದ್ದದ್ದನ್ನು ನೋಡಿದರೆ ಅವ್ವನದೇ ಗೆಲುವು.

ಅವ್ವನ ಮಾತಿಗೆ ನಾಯಿ ಯಾಕೆ ಬಗ್ಗುತ್ತದೆ ಎಂಬುದಕ್ಕೂ ಆಮೇಲೆ ಉತ್ತರ ಸಿಕ್ಕಿತು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಅಧ್ಯಯನ. ಎಂಟು ತಿಂಗಳ ಹರೆಯದಲ್ಲಿ ನಾಯಿಗಳು ಸಾಕಿದವರು 'ಕೂತ್ಕೋ' ಅಂದರೆ ಐದು ತಿಂಗಳಿನಲ್ಲಿ ಕೇಳಿದಷ್ಟೂ ಕೇಳುವುದಿಲ್ಲ. ಅದೇ ಮಾತನ್ನು ಅಪರಿಚಿತರು ಹೇಳಿದರೆ ಕೇಳುತ್ತವೆ. ಈ ಹಟ ಆ ವಯಸ್ಸಿನದು, ದಾಟಿಹೋಗುತ್ತದಂತೆ. ನಮ್ಮ ಹುಡುಗನ ಟೀಚರು "ತುಂಬ ವಿನಯವಂತ" ಅಂದಾಗ ಯಾರ ಮಗನ ರಿಪೋರ್ಟ್ ಓದುತ್ತಿದ್ದಾರೋ ಎಂದು ಅನುಮಾನಿಸಿದ್ದೆ. ಈಗ ಅರ್ಥವಾಯಿತು. ಆದರೆ 'ನೀನು ಪರಕೀಯಳು, ಅದಕ್ಕೇ ನಾಯಿ ಕೇಳುತ್ತೆ' ಎಂದು ಹೆತ್ತ ತಾಯಿಗೆ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡೆ.

ನಾಯಿಯೇ ಹೇಳಿತು. ನಾಲ್ಕನೆಯ ತಿಂಗಳಿಗೆ ಬೆಣ್ಣೆ ಅವ್ವನ ಹಾಸಿಗೆಯ ಬುಡದಲ್ಲಿ ಮಲಗತೊಡಗಿತು, ಅವಳು ಬಾತ್‌ರೂಮಿಗೆ ಹೋದರೆ ಹೊರಗೆ ಕಾಯತೊಡಗಿತು. ಒಂದು ಬೆಳಿಗ್ಗೆ "ಕುಂತ್ಕಳಲೇ" ಅಂದರೆ ಕಿಟಕಿಯಾಚೆ ನೋಡಿತು. ಅವ್ವ ಇನ್ನೊಂದು ಸಲ ಅಂದಳು, ಮತ್ತೂ ಜೋರಾಗಿ. ಬೆಣ್ಣೆ ಬಾಲ ಅಲ್ಲಾಡಿಸುತ್ತ ಅವಳ ಹವಾಯಿ ಚಪ್ಪಲಿ ಕಚ್ಚಿಕೊಂಡು ಸೋಫಾದ ಹಿಂದೆ ಹೋಯಿತು. "ಮನೇವ್ಳು ಅಂತ ಗೊತ್ತಾಗೋಯ್ತು ಇದ್ಕೆ" ಎಂದು ಅವ್ವ ಒಂದೇ ಮಾತಿನಲ್ಲಿ ನ್ಯೂಕ್ಯಾಸಲ್‌ನ ಅಧ್ಯಯನ ಮುಗಿಸಿದಳು.

ಆದರೆ ಅಧಿಕಾರ ಕಂಡವಳು ಸುಮ್ಮನೆ ಕೂರುತ್ತಾಳೆಯೇ? ಪಕ್ಕದ ಮನೆಯ ಇಂಗ್ಲಿಷ್ ಮುದುಕರಿಗೂ ಒಂದು ಹರೆಯದ ಸ್ಪ್ಯಾನಿಯಲ್ ಇದೆ; ಅವರ ಮಾತೂ ಅದು ಕೇಳುವುದಿಲ್ಲ. ಈಗ ಸಂಜೆಯಾದರೆ ಅವ್ವ ಬೇಲಿಯ ಈಚೆ ನಿಂತು ಆ ಸ್ಪ್ಯಾನಿಯಲ್‌ಗೆ "ಕುಂತ್ಕಳಲೇ" ಅನ್ನುತ್ತಾಳೆ, ಅದು ಕೂರುತ್ತದೆ. ಆಚೆಯಿಂದ ಅವರು "ಬೆನ್ನಿ, ಸಿಟ್" ಅನ್ನುತ್ತಾರೆ, ನಮ್ಮದೂ ಕೂರುತ್ತದೆ. ವೀಸಾ ಮುಗಿಯುವುದರೊಳಗೆ ಮಗನನ್ನೂ ಬೇಲಿಯ ಹತ್ತಿರ ನಿಲ್ಲಿಸಿ ನೋಡಬೇಕೆಂದಿದ್ದಾಳೆ.