ಕಾಲಿನ ಮಡಿಲು

ಬೇಸಿಗೆಯಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿಯುತ್ತ ಹೋದಂತೆ ನಡುಗಡ್ಡೆಗಳು ತಲೆಯೆತ್ತುತ್ತವೆ. ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಂಸಾರ ಹೂಡುತ್ತವೆ. ಅವುಗಳ ಸಂಸಾರ ನೋಡುತ್ತ ನಡೆದು ನನ್ನ ಕಾಲು ಕೆಡಿಸಿಕೊಂಡೆ. ಒಣಗಿ ಕಲ್ಲಾಗಿದ್ದ ಕೆಸರಿನಲ್ಲಿ ಯಾವುದೋ ಆನೆ ಬಿಟ್ಟುಹೋಗಿದ್ದ ಹೆಜ್ಜೆಗುಂಡಿಯೊಳಗೆ ಎಡಪಾದ ಒಳಮಗ್ಗುಲಿಗೆ ಮಗುಚಿತು. ಆನೆ ತುಳಿಯಿತು ಎಂದು ಹೇಳಿಕೊಳ್ಳುವ ಭಾಗ್ಯವೂ ಇಲ್ಲ, ತುಳಿದವನು ನಾನೇ.

ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ಚಿಕಿತ್ಸೆ ನಮ್ಮಲ್ಲುಂಟು. ಕಾಲೇ ಉಳುಕಿದರೆ ಒದೆಯುವುದೆಲ್ಲಿಗೆ? ಅತ್ತೆ ಹರಳೆಣ್ಣೆ ಹಚ್ಚಿ ನೀವಿದರು. ಬಾವು ಇಳಿಯಿತು. ನೋವು ಮಾತ್ರ ಹೊರಮಗ್ಗುಲ ಹರಡಿನ ಗಂಟಿನ ಮುಂದೆ, ತುಸು ಕೆಳಗೆ, ಬಿಡಾರ ಹೂಡಿತು. ಸಪಾಟು ನೆಲದಲ್ಲಿ ತೆಪ್ಪಗಿರುವುದು, ಏರುಪೇರು ಸಿಕ್ಕರೆ ಚುಚ್ಚುವುದು. ನಮ್ಮ ಕಡೆ ಸಪಾಟಾಗಿರುವುದೆಂದರೆ ಅಣೆಕಟ್ಟೆಯ ನೆತ್ತಿಯೊಂದೇ. ಅದೂ ಮನುಷ್ಯರು 1960ರ ದಶಕದಲ್ಲಿ ಮುಗಿಸಿಕೊಟ್ಟದ್ದು.

ಮೂರು ತಿಂಗಳಾದ ಮೇಲೆ ಮೂಳೆ ಡಾಕ್ಟರರ ಮುಂದೆ ಕಾಲು ಚಾಚಿದೆ. ಹೆಬ್ಬೆರಳಿಂದ ಒಂದೇ ಜಾಗ ಒತ್ತಿದರು. ನಾನು ಕಿರುಚಿದೆ.

“ಸೈನಸ್,” ಎಂದರು.

“ನೆಗಡಿ ಇಲ್ಲ ಸಾರ್.”

ಸೈನಸ್ ಟಾರ್ಸೈ! ಮೂಗಿನ ಪಕ್ಕದ್ದಲ್ಲ, ಪಾದದ್ದು. ಹಿಮ್ಮಡಿ ಮೂಳೆಯ ಮೇಲೆ ಟೇಲಸ್ ಎಂಬ ಮೂಳೆ ಕೂತಿದೆ. ಮೈಭಾರವೆಲ್ಲ ಅದರ ಮೂಲಕವೇ ಇಳಿಯಬೇಕು, ಆದರೆ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಕೂಡುಕುಟುಂಬದ ಹಿರಿಯಣ್ಣನ ಪಾಡು. ಎರಡೂ ಮೂಳೆಗಳಲ್ಲಿ ಒಂದೊಂದು ತೋಡು. ಎದುರುಬದುರಾಗಿ ಸೇರಿದಾಗ ಹೊರಗೆ ಅಗಲ, ಒಳಗೆ ಇರುಕಾದ ಆಲಿಕೆಯಂಥ ಪೊಳ್ಳು. ಲ್ಯಾಟಿನ್‌ನಲ್ಲಿ ಸೈನಸ್ ಎಂದರೆ ಮಡಿಲು ಎಂಬ ಅರ್ಥವೂ ಇದೆಯಂತೆ. ಮಡಿಲೆಂದ ಮೇಲೆ ತುಂಬಬೇಡವೇ? ಮೆತ್ತನೆ ಕೊಬ್ಬು, ಎರಡು ಮೂಳೆಗಳನ್ನು ಬಿಗಿದ ಅಸ್ಥಿರಜ್ಜುಗಳು, ಟೇಲಸ್‌ಗೆ ರಕ್ತ ಒಯ್ಯುವ ಸಣ್ಣ ನಾಳಗಳು, ನೆಲ ಎತ್ತ ವಾಲಿದೆಯೆಂದು ಮಿದುಳಿಗೆ ವರದಿ ಮಾಡುವ ನರತುದಿಗಳು, ಎಲ್ಲವೂ ಅಲ್ಲಿವೆ. ಕಾಲು ಮಗುಚಿದಾಗ ಕೆಲವೊಮ್ಮೆ ಈ ರಜ್ಜುಗಳು ಹರಿಯುತ್ತವೆ, ಒಳಗೆ ಉರಿಯೂತ ನೆಲೆಸುತ್ತದೆ, ವರದಿಗಾರರು ಗಲಿಬಿಲಿಗೊಳ್ಳುತ್ತಾರೆ. ಮತ್ತೆ ಕಾಲು ಮಗುಚುವ ಭಯ ಹಾಗೇ ಉಳಿಯುತ್ತದೆ.

ಈ ಕಾಯಿಲೆಯನ್ನು 1958ರಲ್ಲಿ ಓ'ಕಾನರ್ ಎಂಬ ವೈದ್ಯರು ವಿವರಿಸಿದ್ದರು. ಪತ್ತೆ ಹಚ್ಚಲು ಮರಗಟ್ಟಿಸುವ ಮದ್ದನ್ನು ಆ ಪೊಳ್ಳಿಗೇ ಚುಚ್ಚುವುದು, ನೋವು ಮಾಯವಾದರೆ ಕಳ್ಳ ಸಿಕ್ಕಿದ ಹಾಗೆ. ನನಗೂ ಚುಚ್ಚಿದರು, ಮೂರು ತಿಂಗಳ ನೋವು ನಿಮಿಷಗಳಲ್ಲಿ ಎದ್ದುಹೋಯಿತು. ಮದ್ದಿಳಿದ ಮೇಲೆ ವಾಪಸು ಬಂತು, ಅದು ಬೇರೆ ಮಾತು. ಚಪ್ಪಟೆ ಪಾದದ ಕೆಲವು ಮಕ್ಕಳಿಗೆ ಇದೇ ಪೊಳ್ಳಿಗೆ ಬೆಣೆಯಂಥ ಪುಟ್ಟ ಸ್ಕ್ರೂ ಕೂರಿಸಿ ಪಾದ ಒಳಕ್ಕೆ ಕುಸಿಯದಂತೆ ತಡೆಯುವುದೂ ಉಂಟು.

ನನಗೆ ಹೇಳಿದ್ದು ಸುಲಭದ ಮದ್ದು: ದಿನಾ ಒಂಟಿಕಾಲಲ್ಲಿ ನಿಲ್ಲುವುದು. ನರತುದಿಗಳಿಗೆ ಮರಳಿ ಅಕ್ಷರಾಭ್ಯಾಸ. ಬೆಳಿಗ್ಗೆ ಹಿತ್ತಿಲಲ್ಲಿ ಕೊಕ್ಕರೆಯ ಹಾಗೆ ನಿಂತು ತೂರಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿದರು.

“ಯಾವ ದೇವ್ರಿಗಪ್ಪಾ ಹರಕೆ?”

“ಕಾಲಿಗೆ ಅಜ್ಜಿ.”

“ತಪಸ್ಸಂದ್ರೆ ಕಣ್ಣು ಮುಚ್ಕಂಡು ನಿಲ್ಬೇಕು ಕಣಪ್ಪಾ.”

ಮುಂದಿನ ವಾರದಿಂದ ಹಾಗೇ ನಿಲ್ಲಬೇಕೆಂದು ಡಾಕ್ಟರೂ ಬರೆದುಕೊಟ್ಟಿದ್ದರು.